ಹಳೆಯ ಕಂಪ್ಯೂಟರ್ ಕ್ಯಾಬಿನೆಟ್‌ಗೆ ಹೊಸ ಬಣ್ಣ: ಕೊಡಗಿನ ಮಳೆಯಲ್ಲಿ ಏನು ಮಾಡಬಹುದು, ಏನು ಬೇಡ?

ಪ್ರಶ್ನೆ: ನಾನು ನಾಪೋಕ್ಲು ಕಡೆಯವನು, ಡಿಗ್ರಿ ಎರಡನೇ ವರ್ಷ. ನನ್ನ ಹತ್ತಿರ ಕಂಪ್ಯೂಟರಿನ ಹಳೆಯ ಮಿಡ್ ಟವರ್ (ಮಧ್ಯಮ ಗಾತ್ರದ) ಕ್ಯಾಬಿನೆಟ್ ಇದೆ. ಹೊರಗೆ ಕಪ್ಪು, ಕೈಯಾಡಿಸಿದರೆ ತರಿತರಿ. ಎಡ ಪ್ಯಾನೆಲ್‌ನಲ್ಲಿ ನಾಣ್ಯದಗಲದ ತಗ್ಗು, ಕೆಳ ಅಂಚಿಗೆ ತುಕ್ಕು, ಮುಂಭಾಗ ಪ್ಲಾಸ್ಟಿಕ್. ಇದನ್ನು ನುಣುಪು ಮಾಡಿ ಹೊಳೆಯುವ ಕಡುನೀಲಿ ಬಣ್ಣ ಹೊಡೆಯಬೇಕೆಂದು ಆಸೆ. ಕಳೆದ ವಾರ ಒಂದು ಸ್ಪ್ರೇ ಡಬ್ಬಿ ತಂದು ಜಗಲಿಯಲ್ಲಿ ಕೂತು ಪರೀಕ್ಷೆ ಮಾಡಿದೆ. ಹಿಂಬದಿಯ ಸ್ಲಾಟ್ ಮುಚ್ಚುವ ತಗಡಿಗೆ ಹೊಡೆದದ್ದು ಮರುದಿನ ಉಗುರು ತಾಗಿಸಿದರೆ ಹಾಳೆಯಾಗಿ ಎದ್ದು ಬಂತು. ಬಲ ಪ್ಯಾನೆಲ್‌ನ ಮೂಲೆಗೆ ಹೊಡೆದದ್ದು ಎದ್ದಿಲ್ಲ, ಆದರೆ ಅರ್ಧ ಗಂಟೆಯಲ್ಲೇ ಬೆಳ್ಳಗೆ ಮಸುಕಾಯಿತು. ತಿನ್ನರ್ ಹಾಕಿ ಪೂರ್ತಿ ಬಣ್ಣ ತೆಗೆದು ಬರೀ ತಗಡು ಮಾಡಬೇಕು ಅಂತ ದೊಡ್ಡಪ್ಪನ ಮಗ ಹೇಳುತ್ತಾನೆ. ಒಂದು ವಿಡಿಯೊದಲ್ಲಿ 120 ನಂಬರ್ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ ಅಂದರು. ಯಾವುದು ಸರಿ ಸರ್? ಎಷ್ಟು ಡಬ್ಬಿ ಬೇಕು? ಮಳೆ ನಿಲ್ಲುವವರೆಗೆ ಕಾಯಲೇಬೇಕಾ? ಇನ್ನೊಂದು, ಕ್ಯಾಬಿನೆಟ್ ಮುಟ್ಟಿದರೆ ಒಮ್ಮೊಮ್ಮೆ ಜುಮ್ ಅನ್ನುತ್ತದೆ. ಬಣ್ಣ ಹೊಡೆದರೆ ಅದು ನಿಲ್ಲುತ್ತದಾ?

ಉತ್ತರ: ನಿಮ್ಮ ಎರಡು ಪರೀಕ್ಷೆಗಳೂ ಕೆಟ್ಟಿವೆ, ಆದರೆ ಕೆಟ್ಟ ಕಾರಣ ಬೇರೆ ಬೇರೆ. ಅದನ್ನು ಬಿಡಿಸಿಕೊಂಡರೆ ನಿಮ್ಮ ಅರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಸಿಗುತ್ತದೆ.

ಮೊದಲು ಎದ್ದು ಬಂದ ಬಣ್ಣ. ಸ್ಲಾಟ್ ಮುಚ್ಚುವ ಆ ಉದ್ದನೆಯ ತಗಡನ್ನು ಬೆಳಕಿಗೆ ಹಿಡಿದು ನೋಡಿ. ಅದು ಬೂದು ಬಣ್ಣಕ್ಕಿದ್ದರೆ ಕಾರ್ಖಾನೆ ಅದಕ್ಕೆ ಬಣ್ಣವನ್ನೇ ಹೊಡೆದಿಲ್ಲ, ನೀವು ನೋಡುತ್ತಿರುವುದು ಸತುವಿನ ಲೇಪ. ಕ್ಯಾಬಿನೆಟ್‌ಗಳಿಗೆ ಬಳಸುವುದು ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು. ತುಕ್ಕು ಹಿಡಿಯದಿರಲೆಂದು ಅದರ ಮೇಲೆ ಕೆಲವೇ ಮೈಕ್ರಾನ್ ಸತು ಕೂರಿಸಿರುತ್ತಾರೆ. ನುಣ್ಣಗಿನ ಸತುವಿನ ಮೇಲೆ ಬಣ್ಣಕ್ಕೆ ಹಿಡಿತ ಸಿಗುವುದಿಲ್ಲ. ಸಿಂಥೆಟಿಕ್ ಎನಾಮೆಲ್ ಆದರೆ ಇನ್ನೂ ಕಷ್ಟ: ಅದರಲ್ಲಿರುವ ಎಣ್ಣೆಯ ಅಂಶ ಸತುವಿನೊಂದಿಗೆ ಸೇರಿ ಸಾಬೂನಿನಂಥ ಪದರವಾಗುತ್ತದೆ, ಬಣ್ಣ ಹಾಳೆಯಾಗಿ ಬಿಡುತ್ತದೆ. ಬಲ ಪ್ಯಾನೆಲ್‌ನಲ್ಲಿ ಬಣ್ಣ ಎದ್ದಿಲ್ಲ ಅಂದಿರಲ್ಲ, ಅಲ್ಲಿ ಕೆಳಗೆ ಕಾರ್ಖಾನೆಯ ಪೌಡರ್ ಕೋಟಿಂಗ್ ಇತ್ತು.

ಹಾಗಾಗಿ ಬರೀ ತಗಡು ಮಾಡಬೇಕೆಂಬ ಸಲಹೆ ಬೇಡ. ಪೌಡರ್ ಕೋಟಿಂಗ್ ಅಂದರೆ ಒಲೆಯಲ್ಲಿ 180 - 200 ಡಿಗ್ರಿ ಕಾಯಿಸಿ ಕರಗಿಸಿ ಗಟ್ಟಿಮಾಡಿದ ಪದರ, ಸಾಮಾನ್ಯವಾಗಿ 60 - 80 ಮೈಕ್ರಾನ್ ದಪ್ಪ. ನಿಮ್ಮ ಕೈಯಿಂದ ಹೊಡೆಯುವ ಯಾವ ಪ್ರೈಮರ್ ಕೂಡ ತಗಡನ್ನು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಅದನ್ನು ಕಿತ್ತು ಅದಕ್ಕಿಂತ ದುರ್ಬಲವಾದದ್ದನ್ನು ಕೂರಿಸುವುದರಲ್ಲಿ ಅರ್ಥವಿಲ್ಲ. ತಿನ್ನರ್‌ಗೆ ಅದು ಕರಗುವುದೂ ಇಲ್ಲ, ಬಟ್ಟೆ ಕಪ್ಪಾಗುತ್ತದೆ, ತಲೆ ತಿರುಗುತ್ತದೆ, ಅಷ್ಟೆ. ಇನ್ನು 120 ನಂಬರ್ ಪೇಪರ್ (ನಂಬರ್ ಇಳಿದಷ್ಟೂ ಪೇಪರ್ ಒರಟು): ಅದು ಅಂಚುಗಳಲ್ಲಿ ಪೌಡರ್ ಪದರವನ್ನೂ ಅದರಡಿಯ ಸತುವನ್ನೂ ಒಟ್ಟಿಗೆ ಕಿತ್ತುಬಿಡುತ್ತದೆ. ಕೊಡಗಿನ ಜುಲೈಯಲ್ಲಿ ಹಾಗೆ ಬಯಲಾದ ಉಕ್ಕಿಗೆ ಬೆಳಗಾಗುವುದರೊಳಗೆ ಕೆಂಪು ಬರಬಹುದು. 120 ನಂಬರ್ ಬೇಕಾಗುವುದು ತಗ್ಗು ತುಂಬುವ ಜಾಗದಲ್ಲಿ ಮಾತ್ರ.

ಈಗ ಬೆಳ್ಳಗೆ ಮಸುಕಾದ ಮೂಲೆ. ಡಬ್ಬಿಯಲ್ಲಿ ದೋಷವಿಲ್ಲ, ಗಾಳಿಯಲ್ಲಿದೆ. ಸ್ಪ್ರೇ ಬಣ್ಣದ ದ್ರಾವಕ ಬೇಗ ಆರುತ್ತದೆ. ಆರುವಾಗ ತಗಡಿನ ಶಾಖ ಎಳೆದುಕೊಂಡು ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ. ಆ ತಂಪು ಗಾಳಿಯ ಇಬ್ಬನಿ ಬಿಂದುವಿಗಿಂತ ಕೆಳಗಿಳಿದರೆ ಹಸಿ ಬಣ್ಣದ ಮೇಲೆಯೇ ನೀರು ಕೂರುತ್ತದೆ, ಆ ನೀರೇ ಬಿಳಿಯಾಗಿ ಕಾಣುವುದು. ಪೇಂಟರುಗಳು ಇದನ್ನು ಬ್ಲಶ್ ಅನ್ನುತ್ತಾರೆ. ಕಡು ಬಣ್ಣಗಳಲ್ಲಿ ಎದ್ದು ಕಾಣುತ್ತದೆ, ಬಿಳಿಯಲ್ಲಿ ಕಾಣದಿದ್ದರೂ ಹೊಳಪು ಸತ್ತಿರುತ್ತದೆ.

ಲೆಕ್ಕ ಹೀಗೆ. ಲೋಹಕ್ಕೆ ಬಣ್ಣ ಹೊಡೆಯುವವರ ಕಟ್ಟುಪಾಡು ಏನೆಂದರೆ ತಗಡಿನ ಉಷ್ಣತೆ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಮಳೆಗಾಲದಲ್ಲಿ ನಿಮ್ಮ ಜಗಲಿಯಲ್ಲಿ 20 ಡಿಗ್ರಿ, ತೇವಾಂಶ ಶೇ 90 ಇದೆಯೆಂದುಕೊಳ್ಳಿ. ಆಗ ಇಬ್ಬನಿ ಬಿಂದು ಸುಮಾರು 18.3 ಡಿಗ್ರಿ. ಅಂತರ ಎರಡು ಡಿಗ್ರಿಯೂ ಇಲ್ಲ, ದ್ರಾವಕ ಆರುವ ತಂಪು ಅದನ್ನು ತಕ್ಷಣ ನುಂಗುತ್ತದೆ. ಅದೇ ಜನವರಿಯ ಮಧ್ಯಾಹ್ನ 24 ಡಿಗ್ರಿ, ಶೇ 60 ಇದ್ದರೆ ಇಬ್ಬನಿ ಬಿಂದು 16ರ ಆಸುಪಾಸು, ಎಂಟು ಡಿಗ್ರಿಯ ಅಂತರ ಸಿಗುತ್ತದೆ. ಗೋಡೆಗೆ ತೂಗುಹಾಕುವ ಸಣ್ಣ ಡಿಜಿಟಲ್ ಹೈಗ್ರೋಮೀಟರ್ ಒಂದು ತೆಗೆದುಕೊಳ್ಳಿ. ಕಾಫಿ ಬೀಜದ ತೇವ ನೋಡುವ ಮೀಟರ್ ಇದಕ್ಕೆ ಆಗುವುದಿಲ್ಲ, ಗಾಳಿಯದ್ದೇ ಬೇಕು. ಶೇ 70ರ ಕೆಳಗಿದ್ದರೆ ನಿಶ್ಚಿಂತೆಯಿಂದ ಹೊಡೆಯಿರಿ. 70 - 80 ಇದ್ದರೆ ಪ್ರೈಮರ್ ಪರವಾಗಿಲ್ಲ, ಗ್ಲಾಸಿ ಬಣ್ಣ ಮತ್ತು ಕ್ಲಿಯರ್ (ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಪದರ) ಬೇಡ. 80 ದಾಟಿದರೆ ಡಬ್ಬಿಯ ಮುಚ್ಚಳವನ್ನೇ ತೆಗೆಯಬೇಡಿ.

"ರೂಮಿನೊಳಗೆ ಹೀಟರ್ ಹಾಕಿಕೊಂಡರೆ?" ಎಂದು ಕೇಳುವವರಿದ್ದಾರೆ. ಡಬ್ಬಿಯಿಂದ ಬಣ್ಣವನ್ನು ತಳ್ಳುವುದು ಹೆಚ್ಚಾಗಿ ಉರಿಯುವ ಗ್ಯಾಸ್, ಅದರ ಜೊತೆಗೆ ದ್ರಾವಕದ ಆವಿ. ಮುಚ್ಚಿದ ಕೋಣೆ, ಕೆಂಪಗೆ ಕಾದ ಕಾಯಿಲ್, ಈ ಆವಿ ಮೂರೂ ಸೇರಿದರೆ ಬೆಂಕಿ ಹೊತ್ತಿಕೊಳ್ಳಲು ಬೇರೇನೂ ಬೇಕಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಇನ್ನೊಂದು ಮರೆತುಹೋಗುತ್ತದೆ: ಬಚ್ಚಲಿನ ಹಂಡೆ ಒಲೆ. ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ, ಹಿತ್ತಲ ಬಾಗಿಲ ಬಳಿ ಹೊಡೆದದ್ದು ಒಲೆಯ ಬಾಯಿಗೆ ತಲುಪಬಹುದು. ಕಿಟಕಿ ತೆರೆದರೆ ಮಳೆಗಾಳಿ ಒಳಗೆ, ಮುಚ್ಚಿದರೆ ವಿಷಗಾಳಿ ಒಳಗೆ. ಈ ಇಕ್ಕಟ್ಟಿಗೆ ಮನೆಯಲ್ಲಿ ಒಳ್ಳೆಯ ಪರಿಹಾರ ಇಲ್ಲ. ಆದ್ದರಿಂದ ನನ್ನ ನೇರ ಉತ್ತರ: ಕಾಯಿರಿ. ಕಕ್ಕಡದ ಮಳೆಯಲ್ಲಿ ಬಣ್ಣ ಬೇಡ. ಡಿಸೆಂಬರಿನಿಂದ, ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಶುರುವಾಗುವವರೆಗೆ ನಿಮಗೆ ಬೇಕಾದಷ್ಟು ದಿನಗಳಿವೆ. ಮಧ್ಯೆ ಕುಶಾಲನಗರದ ಕಡೆ ನೆಂಟರಿದ್ದರೆ ಇನ್ನೂ ಒಳ್ಳೆಯದು, ಆ ಬಯಲು ಸೀಮೆಯ ಅಂಚಿನಲ್ಲಿ ಗಾಳಿ ನಿಮ್ಮ ಊರಿಗಿಂತ ಬೇಗ ಒಣಗುತ್ತದೆ.

ಮಳೆಗಾಲ ವ್ಯರ್ಥವಲ್ಲ

ಬಿಚ್ಚುವುದು, ತೊಳೆಯುವುದು, ಪೌಡರ್ ಪದರವನ್ನು ಮಂಕು ಮಾಡುವುದು, ಇವಿಷ್ಟನ್ನು ಈಗಲೇ ಮಾಡಿ. ತುಕ್ಕು ಮತ್ತು ತಗ್ಗಿನ ಕೆಲಸ ಮಾತ್ರ ಬಿಸಿಲು ಬಂದ ಮೇಲೆ, ಏಕೆಂದರೆ ಅಲ್ಲಿ ಉಕ್ಕು ಬಯಲಾಗುತ್ತದೆ.

ಬಿಚ್ಚುವ ಮೊದಲು ಫ್ರಂಟ್ ಪ್ಯಾನೆಲ್‌ನಿಂದ ಮದರ್‌ಬೋರ್ಡಿಗೆ ಹೋಗುವ ಸಣ್ಣ ವೈರುಗಳ ಫೋಟೊ ಹತ್ತಿರದಿಂದ ತೆಗೆದಿಡಿ. ಪವರ್ ಬಟನ್, ರೀಸೆಟ್, ಎಲ್‌ಇಡಿ ಪಿನ್ನುಗಳು ಮರಳಿ ಜೋಡಿಸುವಾಗ ತಲೆ ತಿನ್ನುತ್ತವೆ. ಪ್ಲಗ್ ಕಿತ್ತು, ಪವರ್ ಬಟನ್ ಒತ್ತಿ ಹಿಡಿದು ಉಳಿದ ಚಾರ್ಜ್ ಕಳೆಯಿರಿ. ಮದರ್‌ಬೋರ್ಡ್, ಪವರ್ ಸಪ್ಲೈ, ಫ್ಯಾನ್, ಡ್ರೈವ್, ಫ್ರಂಟ್ ಯುಎಸ್‌ಬಿ ಬೋರ್ಡ್ ಎಲ್ಲವೂ ಹೊರಗೆ. "ಮೇಲಿನ ಪ್ಯಾನೆಲ್ ಮಾತ್ರ ತಾನೇ" ಎಂದು ಒಳಗಿನದನ್ನು ಹಾಗೇ ಬಿಟ್ಟು ಉಜ್ಜಬೇಡಿ. ಉಜ್ಜಿದಾಗ ಏಳುವ ಲೋಹದ ಪುಡಿ ವಿದ್ಯುತ್ ಹರಿಸುತ್ತದೆ, ಸಾಕೆಟ್‌ನೊಳಗೆ ಒಂದು ಕಣ ಕೂತರೂ ಬೋರ್ಡ್ ಹೋಗಬಹುದು. ಪವರ್ ಸಪ್ಲೈಯನ್ನು ಕಳಚಿಡಿ, ಅದರ ಡಬ್ಬಿಯನ್ನು ಮಾತ್ರ ತೆರೆಯಲೇಬೇಡಿ.

ತೊಳೆಯುವುದು ಉಜ್ಜುವ ಮೊದಲು, ನಂತರವಲ್ಲ. ಸೌದೆ ಒಲೆ ಇರುವ ಮನೆಯ ಕ್ಯಾಬಿನೆಟ್ ಮೇಲೆ ಕಣ್ಣಿಗೆ ಕಾಣದ ಜಿಡ್ಡಿನ ಮಸಿ ಇದ್ದೇ ಇರುತ್ತದೆ. ಹಾಗೇ ಉಜ್ಜಿದರೆ ಪೇಪರ್ ಆ ಜಿಡ್ಡನ್ನು ಗೀರುಗಳೊಳಗೆ ತುಂಬುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಮತ್ತು ಬಿಸಿನೀರಿನಲ್ಲಿ ಎರಡು ಸಲ ತೊಳೆದು, ತೂತು - ಮಡಿಕೆಗಳ ನೀರನ್ನು ಬ್ಲೋವರ್‌ನಿಂದ ಊದಿ ತೆಗೆಯಿರಿ. ತುಕ್ಕಿಗೆಂದು ಹಿಂದೆ ಯಾವಾಗಲಾದರೂ ಡಬ್ಲ್ಯುಡಿ-40 ಅಥವಾ ಸಿಲಿಕೋನ್ ಪಾಲಿಶ್ ಹೊಡೆದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ, ಪ್ರತಿ ಸಲ ಹೊಸ ಬಟ್ಟೆ ಮಡಿಕೆ ಹಿಡಿದು, ಮತ್ತೆ ಮತ್ತೆ ಒರೆಸಿ. ಅದರ ಒಂದು ಹನಿ ಉಳಿದರೂ ಬಣ್ಣ ಆ ಜಾಗ ಬಿಟ್ಟು ಸುತ್ತ ಸರಿದು ಸಣ್ಣ ಸಣ್ಣ ಗುಳಿ ಬೀಳುತ್ತದೆ. ಒರೆಸಲು ಹಳೆಯ ಬಿಳಿ ಪಂಚೆ ಉತ್ತಮ, ನೂಲು ಬಿಡುವುದಿಲ್ಲ. ತಲೆಗೆ ತೆಂಗಿನೆಣ್ಣೆ ಹಚ್ಚಿದ ಕೈಯಲ್ಲಿ ಪ್ಯಾನೆಲ್ ಹಿಡಿಯಬೇಡಿ.

ಆಮೇಲೆ ಉಜ್ಜುವುದು. ನಿಮ್ಮದು ತರಿತರಿ ಫಿನಿಶ್ ಆದ್ದರಿಂದ 240 ನಂಬರ್‌ನಲ್ಲಿ ತರಿಯ ತುದಿಗಳನ್ನು ಮುರಿದು, 320ರಲ್ಲಿ ಮುಗಿಸಿ. ನುಣ್ಣಗಿನ ಫಿನಿಶ್ ಆಗಿದ್ದರೆ ನೇರವಾಗಿ 400 ಸಾಕು. ಗುರಿ ಇಷ್ಟೇ: ಎಲ್ಲೂ ಹೊಳಪು ಉಳಿಯಬಾರದು, ಎಲ್ಲೂ ಲೋಹ ಕಾಣಬಾರದು. ಪೇಪರನ್ನು ರಬ್ಬರ್ ಬ್ಲಾಕ್‌ಗೋ ಚಪ್ಪಟೆ ಮರದ ತುಂಡಿಗೋ ಸುತ್ತಿ ಉಜ್ಜಿ. ಬೆರಳಿನಿಂದ ಒತ್ತಿದರೆ ಬೆರಳಿನಗಲದ ಕಾಲುವೆ ಬೀಳುತ್ತದೆ, ಈಗ ಕಾಣುವುದಿಲ್ಲ, ಗ್ಲಾಸಿ ಬಣ್ಣ ಬಿದ್ದ ಮೇಲೆ ಟ್ಯೂಬ್‌ಲೈಟ್‌ನ ಪ್ರತಿಬಿಂಬ ಅಲ್ಲೇ ಡೊಂಕಾಗುತ್ತದೆ. ಮೂಲೆ, ಮಡಿಕೆಗಳಿಗೆ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ ಸಾಕು. ಬಾಗಿದ ಅಂಚಿಗೆ ಕೊನೆಯಲ್ಲಿ ಎರಡೇ ಎರಡು ಸಲ ಹಗುರವಾಗಿ. ಪದರ ಮೊದಲು ಹರಿಯುವುದು ಅಲ್ಲೇ.

ನುಣುಪು ಬರುವುದು ಪ್ರೈಮರ್‌ನಲ್ಲಿ

ಹೊಸಬರು ಹೆಚ್ಚು ಎಡವುವುದು ಇಲ್ಲಿ. ಬಣ್ಣ ದಪ್ಪಗೆ ಹೊಡೆದರೆ ತರಿ ಮುಚ್ಚಿಹೋಗುತ್ತದೆ ಎಂದುಕೊಳ್ಳುತ್ತಾರೆ. ಗ್ಲಾಸಿ ಬಣ್ಣ ಮಾಡುವುದು ಅದರ ತದ್ವಿರುದ್ಧ, ಕೆಳಗಿನ ಪ್ರತಿ ಗೀರನ್ನೂ ತೋರಿಸುತ್ತದೆ. ತರಿ ತುಂಬಬೇಕಾದದ್ದು ಪ್ರೈಮರ್ ಸರ್ಫೇಸರ್, ಅಂದರೆ ದಪ್ಪ ಪದರ ಕಟ್ಟುವ, ಸುಲಭವಾಗಿ ಉಜ್ಜಬರುವ ಪ್ರೈಮರ್. ಅಂಗಡಿಯಲ್ಲಿ ಬರೀ ಪ್ರೈಮರ್ ಎಂದು ಕೇಳಬೇಡಿ, "ಗಾಡಿಗೆ ಹೊಡೆಯುವ ಸರ್ಫೇಸರ್" ಎಂದು ಕೇಳಿ. ಕಡುನೀಲಿಗೆ ಬೂದು ಬಣ್ಣದ್ದು.

ಒಣ ದಿನಗಳು ಬಂದಾಗ ಮೊದಲ ಕೆಲಸ ತುಕ್ಕು. ಕೆಳ ಅಂಚಿನಲ್ಲಿ ತುಕ್ಕು ಬಂದದ್ದು ಆಕಸ್ಮಿಕವಲ್ಲ. ತಗಡನ್ನು ಕತ್ತರಿಸಿದ ಅಂಚಿನಲ್ಲಿ ಸತು ಇರುವುದಿಲ್ಲ, ನೆಲದ ತೇವ ಮೊದಲು ತಾಗುವುದೂ ಅಲ್ಲಿಗೇ. ತಂತಿ ಬ್ರಷ್‌ನಲ್ಲಿ ಸಡಿಲ ತುಕ್ಕು ಉದುರಿಸಿ, 180ರಲ್ಲಿ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಗುಳಿಯೊಳಗೆ ಉಳಿದದ್ದಕ್ಕೆ ರಸ್ಟ್ ಕನ್ವರ್ಟರ್ ಹಚ್ಚಿ ಒಂದು ದಿನ ಬಿಡಿ. ಕನ್ವರ್ಟರ್ ಕೆಲಸ ಮಾಡುವುದು ತುಕ್ಕಿನ ಮೇಲೆ, ಒಳ್ಳೆಯ ತಗಡಿಗೆಲ್ಲ ಬಳಿದರೆ ಉಪಯೋಗವಿಲ್ಲ.

ತಗ್ಗಿಗೆ ಒಳಗಡೆಯಿಂದ ಮರದ ತುಂಡು ಹಿಡಿದು ರಬ್ಬರ್ ಸುತ್ತಿಗೆಯಲ್ಲಿ ಹಗುರವಾಗಿ ತಟ್ಟಿ. ಪೂರ್ತಿ ಸಮ ಮಾಡುವ ಹಟ ಬೇಡ. ಇಷ್ಟು ತೆಳು ತಗಡನ್ನು ಹೆಚ್ಚು ಬಡಿದರೆ ಹಿಗ್ಗಿ, ಒತ್ತಿದಾಗಲೆಲ್ಲ ಟಕ್ ಟಕ್ ಎಂದು ಒಳಗೆ ಹೊರಗೆ ಕುಣಿಯುತ್ತದೆ, ಅದಕ್ಕೆ ಮದ್ದಿಲ್ಲ. ಒಂದು ಮಿಲಿಮೀಟರ್ ತಗ್ಗು ಉಳಿಸಿ ಪುಟ್ಟಿಯಿಂದ ತುಂಬಿ. ಅಷ್ಟು ಜಾಗವನ್ನು ಮಾತ್ರ 120ರಲ್ಲಿ ಲೋಹದವರೆಗೆ ಉಜ್ಜಿ. ಪಾಲಿಯೆಸ್ಟರ್ ಪುಟ್ಟಿಯ ಡಬ್ಬದ ಮೇಲೆ ಗ್ಯಾಲ್ವನೈಸ್ಡ್ (ಸತು ಲೇಪಿಸಿದ) ತಗಡಿಗೂ ಆಗುತ್ತದೆ ಎಂದಿದ್ದರೆ ನೇರವಾಗಿ ಹಚ್ಚಬಹುದು, ಇಲ್ಲದಿದ್ದರೆ ಮೊದಲು ಎಪಾಕ್ಸಿ ಪ್ರೈಮರ್ ಒಂದು ಕೈ, ಮರುದಿನ ಅದನ್ನು 180ರಲ್ಲಿ ಮಂಕು ಮಾಡಿ ಮೇಲೆ ಪುಟ್ಟಿ. 50 ಗ್ರಾಂ ಪುಟ್ಟಿಗೆ 1 ಗ್ರಾಂ ಹಾರ್ಡನರ್. ಚಳಿ ಇದೆ, ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಸುರಿಯಬೇಡಿ. ಹೆಚ್ಚಾದದ್ದು ವಾರಗಳ ನಂತರ ಬಣ್ಣದ ಮೇಲೆ ಕಲೆಯಾಗಿ ಮೂಡುತ್ತದೆ. ಕಲಸಿದ ಮೇಲೆ ಐದಾರು ನಿಮಿಷವಷ್ಟೇ ಕೈಗೆ ಬರುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪ ಕಲಸಿ. ಗಟ್ಟಿಯಾದ ಪುಟ್ಟಿಯನ್ನು ಒಣಗೇ ಉಜ್ಜಬೇಕು, ನೀರು ಹಾಕಿ ಅಲ್ಲ. ಅದು ನೀರು ಹೀರಿಟ್ಟುಕೊಂಡು ಆಮೇಲೆ ಬಣ್ಣದಡಿ ಗುಳ್ಳೆ ಎಬ್ಬಿಸುತ್ತದೆ.

ತುಕ್ಕು ತೆಗೆದ ಅಂಚಿನಂತೆ ಬರೀ ಲೋಹ ಕಂಡ ಉಳಿದ ಕಡೆ ಎಚ್ (etch) ಪ್ರೈಮರ್ ಅಥವಾ ಎಪಾಕ್ಸಿ ಪ್ರೈಮರ್, ಎರಡರಲ್ಲಿ ಒಂದು. ಎರಡನ್ನೂ ಒಂದರ ಮೇಲೊಂದು ಹಾಕಬೇಡಿ. ಎಚ್ ಪ್ರೈಮರ್‌ನಲ್ಲಿ ಆಮ್ಲ ಇದೆ, ಅದರ ಮೇಲೆ ಹಾಕಿದ ಎಪಾಕ್ಸಿಯಾಗಲಿ ಪುಟ್ಟಿಯಾಗಲಿ ಸರಿಯಾಗಿ ಗಟ್ಟಿಯಾಗದೆ ಉಳಿಯಬಹುದು.

ಸರ್ಫೇಸರ್ ಮೂರು ತೆಳು ಕೈ, ನಡುವೆ ಹದಿನೈದು ನಿಮಿಷ, ಆಮೇಲೆ ಒಂದು ದಿನ ಪೂರ್ತಿ ಬಿಡಿ. ಈಗ ಒಂದು ಮ್ಯಾಟ್ ಕಪ್ಪು ಡಬ್ಬಿ ತೆಗೆದುಕೊಂಡು ಒಂದೂವರೆ ಅಡಿ ದೂರದಿಂದ ಬೂದು ಪ್ರೈಮರ್ ಮೇಲೆ ಹಗುರವಾಗಿ ಸಿಂಪಡಿಸಿ, ಕಪ್ಪು ಚುಕ್ಕಿ ಚುಕ್ಕಿಯಾಗಿ ಬಿದ್ದರೆ ಸಾಕು. ಇದಕ್ಕೆ ಗೈಡ್ ಕೋಟ್ ಎನ್ನುತ್ತಾರೆ. ಒಣಗಿದ ಮೇಲೆ 400 ನಂಬರ್ ಬ್ಲಾಕ್‌ನಲ್ಲಿ ಓರೆಯಾಗಿ, ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ಉಜ್ಜಿ. ಉಬ್ಬಿದ ಕಡೆ ಕಪ್ಪು ಮೊದಲು ಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ತರಿತರಿ ಫಿನಿಶ್ ಆದರೆ ಮೊದಲ ಸಲ ಉಜ್ಜಿದಾಗ ಇಡೀ ಪ್ಯಾನೆಲ್ ತುಂಬ ಕರಿಮೆಣಸಿನ ಪುಡಿ ಉದುರಿಸಿದಂತೆ ಸಣ್ಣ ಕಪ್ಪು ಚುಕ್ಕಿಗಳು ನಿಲ್ಲುತ್ತವೆ. ಅವು ತರಿಯ ಬುಡದ ಗುಳಿಗಳು. ಅವನ್ನು ತೆಗೆಯಲೇಬೇಕೆಂದು ಇನ್ನಷ್ಟು ಉಜ್ಜಿದರೆ ಉಬ್ಬಿದ ಕಡೆ ಪೌಡರ್ ಪದರ ಹರಿಯುತ್ತದೆ. ನಿಲ್ಲಿಸಿ, ಒರೆಸಿ, ಮತ್ತೆ ಎರಡು ಕೈ ಸರ್ಫೇಸರ್, ಮತ್ತೆ ಗೈಡ್ ಕೋಟ್, ಮತ್ತೆ ಉಜ್ಜು. ಸಾಮಾನ್ಯವಾಗಿ ಎರಡನೇ ಸುತ್ತಿನಲ್ಲಿ ಚುಕ್ಕಿ ಮಾಯ. ಕೊನೆಗೆ 600 ನಂಬರ್ ವಾಟರ್ ಪೇಪರ್, ಎರಡು ಹನಿ ಸೋಪು ಹಾಕಿದ ನೀರಿನಲ್ಲಿ. ಉಜ್ಜಿದ ಕೆಸರು ನೀರನ್ನು ತೋಡಿಗೆ ಬಿಡಬೇಡಿ. ಬಕೆಟ್‌ನಲ್ಲಿ ತಳ ಕೂರಿಸಿ, ಗಸಿಯನ್ನು ಬಟ್ಟೆಯಲ್ಲಿ ಸೋಸಿ ಕಸಕ್ಕೆ ಹಾಕಿ. ಪ್ಯಾನೆಲ್ ಅರ್ಧ ದಿನ ಬಿಸಿಲಿನಲ್ಲಿ ಒಣಗಲಿ.

ಈ ಹಂತದಲ್ಲಿ ಕಣ್ಣು ಮುಚ್ಚಿ ಅಂಗೈ ಆಡಿಸಿ ನೋಡಿ. ಕೈಗೆ ಸಿಕ್ಕ ಏರುಪೇರು ಬಣ್ಣದಡಿ ಮರೆಯಾಗುವುದಿಲ್ಲ.

ಮರೆಮಾಚುವುದು, ಅಳತೆ, ಜಾಗ

ಬಣ್ಣ ಬೀಳಬಾರದ ಕಡೆಗಳು: ಮದರ್‌ಬೋರ್ಡ್ ಕೂರುವ ಸ್ಟ್ಯಾಂಡ್‌ಆಫ್‌ಗಳು, ಪವರ್ ಸಪ್ಲೈ ತಾಗುವ ಚೌಕಟ್ಟು, ಹಿಂಬದಿಯ ಐಒ ಶೀಲ್ಡ್ (ಕೇಬಲ್ ಚುಚ್ಚುವ ಪೋರ್ಟ್‌ಗಳ ಸುತ್ತಲಿನ ತಗಡು) ಕೂರುವ ಅಂಚು, ಎಲ್ಲ ಸ್ಕ್ರೂ ತೂತುಗಳು, ಪ್ಯಾನೆಲ್ ಜಾರಿ ಕೂರುವ ಕೊಕ್ಕೆ ಮತ್ತು ಸಂದು. ತೂತುಗಳಿಗೆ ಹಳೆಯ ಸ್ಕ್ರೂಗಳನ್ನೇ ತಿರುಗಿಸಿಡಿ, ಉಳಿದದ್ದಕ್ಕೆ ಮಾಸ್ಕಿಂಗ್ ಟೇಪ್. ಪ್ರೈಮರ್, ಬಣ್ಣ, ಕ್ಲಿಯರ್ ಸೇರಿ ಸುಲಭವಾಗಿ 100 - 150 ಮೈಕ್ರಾನ್ ದಪ್ಪ ಬರುತ್ತದೆ. ಕೊಕ್ಕೆಯ ಎರಡೂ ಬದಿಗೆ ಅಷ್ಟು ಸೇರಿದರೆ ಪ್ಯಾನೆಲ್ ಸಿಕ್ಕಿಕೊಳ್ಳುತ್ತದೆ, ಬಲವಂತ ಮಾಡಿದರೆ ಹೊಸ ಬಣ್ಣ ಅಂಚಿನಿಂದ ಎದ್ದು ಬರುತ್ತದೆ.

ಎಷ್ಟು ಡಬ್ಬಿ? ಮಿಡ್ ಟವರ್ ಸುಮಾರು 45 ಸೆಂಟಿಮೀಟರ್ ಎತ್ತರ, 45 ಉದ್ದ, 21 ಅಗಲ ಎಂದಿಟ್ಟುಕೊಂಡರೆ ಹೊರಮೈ ಆರೂ ಮುಖ ಸೇರಿ 0.8 ಚದರ ಮೀಟರಿನ ಹತ್ತಿರ. ಹೊರಗೆ ಮಾತ್ರವಾದರೆ 400 ಮಿಲಿಲೀಟರಿನ ಸರ್ಫೇಸರ್ ಎರಡು, ತರಿ ಇರುವುದರಿಂದ ಕೈಯಲ್ಲಿ ಮೂರನೆಯದು, ನೀಲಿ ಮೂರು, ಕ್ಲಿಯರ್ ಎರಡು, ಮ್ಯಾಟ್ ಕಪ್ಪು ಒಂದು. ಒಳಗೂ ಹೊಡೆಯುವುದಾದರೆ ಕಪ್ಪು ಬಿಟ್ಟು ಉಳಿದದ್ದನ್ನು ದುಪ್ಪಟ್ಟು ಮಾಡಿ. ನನ್ನನ್ನು ಕೇಳಿದರೆ ಒಳಗಿನದನ್ನು ಕಪ್ಪಾಗೇ ಬಿಡಿ, ಮೊದಲ ಕೆಲಸಕ್ಕೆ ಅಷ್ಟು ಮೂಲೆಗಳು ಬೇಡ. ನೀಲಿ ಡಬ್ಬಿಗಳನ್ನು ಒಂದೇ ದಿನ, ಒಂದೇ ಬ್ಯಾಚ್ ನಂಬರ್ ನೋಡಿ ತೆಗೆದುಕೊಳ್ಳಿ. ಪ್ರೈಮರ್, ಬಣ್ಣ, ಕ್ಲಿಯರ್ ಮೂರೂ ಒಂದೇ ಕಂಪನಿಯ ಅಕ್ರಿಲಿಕ್ ಆಗಿರಲಿ. ಅರೆ ಒಣಗಿದ ಎನಾಮೆಲ್ ಮೇಲೆ ಅಕ್ರಿಲಿಕ್ ಲ್ಯಾಕರ್ ಬಿದ್ದರೆ ಕೆಳಗಿನದು ಸುಕ್ಕುಗಟ್ಟಿ ಏಳುತ್ತದೆ. ಶಾಖ ತಡೆಯುವ ಎಂಜಿನ್ ಬಣ್ಣ ಬೇಕೆಂದು ಅಂಗಡಿಯವರು ಹೇಳಿದರೆ ಬೇಡ ಅನ್ನಿ, ಕ್ಯಾಬಿನೆಟ್‌ನ ಹೊರ ತಗಡು ಅಷ್ಟು ಬಿಸಿಯಾಗುವುದಿಲ್ಲ.

ಜಾಗದ ಬಗ್ಗೆ ತೋಟದ ಮನೆಯವರಿಗೆ ಒಂದು ಮಾತು. ಕಾಫಿ ಮೂಟೆ ಇಟ್ಟ ಗೋಡೌನ್ ಒಣಗಿರುತ್ತದೆ ನಿಜ, ಆದರೆ ಅಲ್ಲಿ ಬಣ್ಣ ಹೊಡೆಯಬೇಡಿ. ಕಾಫಿ ಬೀಜ ಸುತ್ತಲಿನ ವಾಸನೆ ಹೀರುತ್ತದೆ, ತಿನ್ನರ್ ವಾಸನೆ ಹಿಡಿದ ಬೀಜ ಕಪ್‌ನಲ್ಲಿ ಸಿಕ್ಕಿಬೀಳುತ್ತದೆ. ಕಾಫಿ ಒಣಗಿಸುವ ಕಣದ ಪಕ್ಕವೂ ಬೇಡ, ಬೀಜ ಗೋರುವಾಗ ಏಳುವ ಧೂಳು ಹಸಿ ಬಣ್ಣದಲ್ಲೇ ಕೂರುತ್ತದೆ. ಮೂರು ಕಡೆ ತೆರೆದ ಕಾರ್ ಶೆಡ್ ಉತ್ತಮ. ನೆಲಕ್ಕೆ ನೀರು ಚಿಮುಕಿಸುವ ಅಭ್ಯಾಸ ಧೂಳಿಗೆ ಒಳ್ಳೆಯದೇ, ನಮ್ಮ ತೇವಕ್ಕೆ ಅಲ್ಲ. ಹಿಂದಿನ ದಿನ ಗುಡಿಸಿ ಬಿಡಿ. ಬೆಳಗಿನ ಮಂಜು ಕರಗಿ ತಗಡು ಬೆಚ್ಚಗಾದ ಮೇಲೆ, ಹನ್ನೊಂದಕ್ಕೆ ಶುರು ಮಾಡಿ ಎರಡು ಗಂಟೆಯೊಳಗೆ ಕೊನೆಯ ಕೈ ಮುಗಿಸಿ. ಸಂಜೆ ಇಬ್ಬನಿ ಇಳಿಯುವಷ್ಟರಲ್ಲಿ ಪ್ಯಾನೆಲ್ ಮನೆಯೊಳಗಿರಬೇಕು. ದೀಪ ಹಾಕಿಕೊಂಡು ರಾತ್ರಿ ಹೊಡೆದರೆ ಹಾತೆಗಳು ಬಣ್ಣಕ್ಕೆ ಅಂಟುತ್ತವೆ.

ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ, ಎನ್95 ಹಾಕಿಕೊಂಡರೆ ಉಜ್ಜುವ ಪುಡಿ ನಿಲ್ಲುತ್ತದೆ, ಆವಿ ನಿಲ್ಲುವುದಿಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಅರ್ಧಮುಖದ ಮಾಸ್ಕ್ ಬೇಕು. ಹಾರ್ಡನರ್ ಬೆರೆಸುವ ಟೂ - ಕೆ ಕ್ಲಿಯರ್ ಡಬ್ಬಿಗಳು ಗಾಜಿನಂಥ ಹೊಳಪು ಕೊಡುತ್ತವೆ, ಆಸೆಪಡಬೇಡಿ. ಅದರಲ್ಲಿರುವ ಐಸೊಸಯನೇಟ್ ಉಸಿರಿಗೆ ಹೋದರೆ ಶಾಶ್ವತ ಅಸ್ತಮಾ ತರಬಲ್ಲದು. ಅದು ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮುಖವಾಡ ಇರುವವರ ಕೆಲಸ.

ಬಣ್ಣ

ಡಬ್ಬಿ ತಣ್ಣಗಿದ್ದರೆ ಒತ್ತಡ ಕಡಿಮೆಯಾಗಿ ದಪ್ಪ ಹನಿ ಉಗುಳುತ್ತದೆ. ಕೈ ಹಿಡಿಯಲಾಗುವಷ್ಟೇ ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನಿಲ್ಲಿಸಿ. ಒಲೆಯ ಹತ್ತಿರವಾಗಲಿ ಕುದಿನೀರಿನಲ್ಲಾಗಲಿ ಇಡಬೇಡಿ, 50 ಡಿಗ್ರಿ ದಾಟಿದರೆ ಡಬ್ಬಿ ಸಿಡಿಯಬಹುದು. ಒಳಗಿನ ಗೋಲಿ ಸದ್ದು ಮಾಡಲು ಶುರುವಾದ ಮೇಲೆ ಎರಡು ನಿಮಿಷ ಅಲ್ಲಾಡಿಸಿ, ರಟ್ಟಿನ ಮೇಲೆ ಪರೀಕ್ಷಿಸಿ.

ಪ್ಯಾನೆಲ್ ಅನ್ನು ಮಲಗಿಸಿ ಹೊಡೆಯಿರಿ. ನಿಲ್ಲಿಸಿದರೆ ಧೂಳು ಕಡಿಮೆ ಕೂರುತ್ತದೆ ನಿಜ, ಆದರೆ ಹೊಸಬರ ಕೈಯಲ್ಲಿ ಬಣ್ಣ ಇಳಿಯುತ್ತದೆ, ಇಳಿದದ್ದನ್ನು ಸರಿಪಡಿಸುವುದಕ್ಕಿಂತ ಒಂದೆರಡು ಧೂಳಿನ ಕಣ ತೆಗೆಯುವುದು ಸುಲಭ. ದೂರ 20 - 25 ಸೆಂಟಿಮೀಟರ್. ಪ್ಯಾನೆಲ್‌ನ ಆಚೆ ಒತ್ತಲು ಶುರು ಮಾಡಿ, ಆಚೆಯೇ ಬಿಡಿ. ಮಣಿಕಟ್ಟು ತಿರುಗಿಸದೆ ಇಡೀ ತೋಳು ಚಲಿಸಲಿ, ಒಂದು ಸಾಲು ಹಿಂದಿನ ಸಾಲಿನ ಅರ್ಧ ಮುಚ್ಚಲಿ. ಮೊದಲ ಕೈಯಲ್ಲಿ ಕೆಳಗಿನ ಬೂದು ಇನ್ನೂ ಕಾಣುತ್ತಿರಬೇಕು. ಎರಡನೆಯದು ಹತ್ತು ನಿಮಿಷದ ನಂತರ, ಸ್ವಲ್ಪ ತುಂಬ. ಮೂರನೆಯದರಲ್ಲಿ ಮಾತ್ರ ಮೇಲ್ಮೈ ಒದ್ದೆಯಾಗಿ ಹೊಳೆಯಬೇಕು. ದೂರ ಹೆಚ್ಚಾದರೆ ಹನಿಗಳು ದಾರಿಯಲ್ಲೇ ಅರೆ ಒಣಗಿ ಕಿತ್ತಳೆ ಸಿಪ್ಪೆಯ ಗುಳಿ ಬೀಳುತ್ತದೆ, ಹತ್ತಿರವಾದರೆ ಇಳಿಯುತ್ತದೆ. ಇಳಿದರೆ ಮುಟ್ಟಬೇಡಿ. ಎರಡು ದಿನ ಬಿಟ್ಟು 800 ವಾಟರ್ ಪೇಪರ್‌ನಲ್ಲಿ ಸಮ ಮಾಡಿ ಮತ್ತೆ ಒಂದು ಕೈ. ಡಬ್ಬಿಯ ಮೇಲೆ ಬರೆದ ಮರುಲೇಪದ ಅವಧಿ ಓದಿಕೊಳ್ಳಿ. ಕೆಲವದರಲ್ಲಿ "ಒಂದು ಗಂಟೆಯೊಳಗೆ, ಇಲ್ಲವೇ ಒಂದೆರಡು ದಿನದ ನಂತರ" ಎಂದಿರುತ್ತದೆ, ಆ ನಡುವಿನ ಹೊತ್ತಿನಲ್ಲಿ ಹೊಡೆದರೆ ಸುಕ್ಕು ಖಚಿತ.

ಈಗ ಮಸುಕಾಗಿರುವ ಆ ಬಲ ಮೂಲೆಗೆ ಬೇರೆ ಚಿಕಿತ್ಸೆ ಬೇಡ, ಉಳಿದ ಪ್ಯಾನೆಲ್ ಜೊತೆಗೇ ಉಜ್ಜಿಹೋಗುತ್ತದೆ. ಮುಂದೆ ಎಂದಾದರೂ ಹಾಗಾದರೆ ಮೊದಲು ಒಣ ಬಿಸಿಲಿನಲ್ಲಿ ಇಟ್ಟು ನೋಡಿ, ಹಗುರವಾದ ಬ್ಲಶ್ ತಾನೇ ಬಿಡುವುದುಂಟು.

ಮುಂಭಾಗದ ಪ್ಲಾಸ್ಟಿಕ್ ಹೆಚ್ಚಾಗಿ ಎಬಿಎಸ್. ತಿನ್ನರ್, ನೈಲ್ ಪಾಲಿಶ್ ರಿಮೂವರ್ ತಾಗಿಸಬೇಡಿ, ಕರಗಿ ಅಂಟಂಟಾಗುತ್ತದೆ. 600ರಲ್ಲಿ ಮಂಕು ಮಾಡಿ, ಪ್ಲಾಸ್ಟಿಕ್ ಪ್ರೈಮರ್ ಒಂದು ತೆಳು ಕೈ, ಮೇಲೆ ಅದೇ ನೀಲಿ. ಜಾಲರಿ ಇದ್ದರೆ ಹಿಂದಿನ ಧೂಳು ಫಿಲ್ಟರ್ ತೆಗೆದು, ನಾಲ್ಕು ಓರೆಗಳಿಂದ ತೆಳುವಾಗಿ ಹೊಡೆಯಿರಿ. ತೂತು ಮುಚ್ಚಿಕೊಂಡರೆ ಫ್ಯಾನ್‌ಗೆ ಗಾಳಿ ಸಿಗದು.

ಕ್ಲಿಯರ್ ಮೂರು ಕೈ ಆದ ಮೇಲೆ ಕನಿಷ್ಠ ಎರಡು ವಾರ ಬಿಡಿ. ಡಬ್ಬಿಯ ಮೇಲೆ 24 ಗಂಟೆ ಎಂದಿರುವುದು ಮುಟ್ಟಲು, ಉಜ್ಜಲು ಅಲ್ಲ. ಮೂಗು ಹತ್ತಿರ ತಂದರೆ ದ್ರಾವಕದ ವಾಸನೆ ಇನ್ನೂ ಬರುತ್ತಿದ್ದರೆ ಒಳಗೆ ಹಸಿ ಇದೆ. ವಾಸನೆ ಹೋದ ಮೇಲೆ 1500, ನಂತರ 2000 ವಾಟರ್ ಪೇಪರ್, ಆಮೇಲೆ ಕಾರಿನ ರಬ್ಬಿಂಗ್ ಕಾಂಪೌಂಡ್. ಮ್ಯಾಟ್ ಕ್ಲಿಯರ್ ಹೊಡೆದಿದ್ದರೆ ಪಾಲಿಶ್ ಮಾಡುವಂತಿಲ್ಲ, ತೇಪೆ ತೇಪೆಯಾಗಿ ಹೊಳೆಯುತ್ತದೆ.

ಕಾಯಲು ಆಗದಿದ್ದರೆ

ಮೂರು ದಾರಿಗಳಿವೆ. ಬೈಕ್ ಟ್ಯಾಂಕ್‌ಗೆ ಬಣ್ಣ ಹೊಡೆಯುವ ಗ್ಯಾರೇಜಿಗೆ ಕೊಡಬಹುದು. ಉಜ್ಜುವ ಕೆಲಸ ನೀವೇ ಮಾಡಿಕೊಂಡು ಹೋದರೆ ಖರ್ಚು ಇಳಿಯುತ್ತದೆ, ಗಟ್ಟಿತನ ಡಬ್ಬಿ ಬಣ್ಣಕ್ಕಿಂತ ಬಹಳ ಮೇಲು. ಆದರೆ ಸ್ಟ್ಯಾಂಡ್‌ಆಫ್, ಕೊಕ್ಕೆಗಳಿಗೆ ಟೇಪ್ ಹಾಕಬೇಕೆಂಬುದು ಅವರಿಗೆ ಗೊತ್ತಿರುವುದಿಲ್ಲ, ನೀವೇ ಹಾಕಿ ಕೊಡಿ. ಎರಡನೆಯದು ಮೈಸೂರಿನ ಕೈಗಾರಿಕಾ ಪ್ರದೇಶಗಳಲ್ಲಿ ಪೌಡರ್ ಕೋಟಿಂಗ್: ಹಳೆಯದನ್ನು ಪೂರ್ತಿ ತೆಗೆದು ಕಾಯಿಸಿ ಮಾಡುತ್ತಾರೆ, ಮಳೆಯ ಹಂಗಿಲ್ಲ. ಪ್ಲಾಸ್ಟಿಕ್ ಎಲ್ಲ ಕಳಚಿರಬೇಕು, ಸಾಮಾನ್ಯ ಪುಟ್ಟಿ ಆ ಶಾಖಕ್ಕೆ ನಿಲ್ಲದ ಕಾರಣ ತಗ್ಗು ಹಾಗೇ ಉಳಿಯುತ್ತದೆ, ಒಂದು ಕ್ಯಾಬಿನೆಟ್‌ಗೆಂದು ಬೇರೆ ಬಣ್ಣ ತುಂಬಲು ಎಲ್ಲರೂ ಒಪ್ಪುವುದೂ ಇಲ್ಲ. ಮೂರನೆಯದು ಗಾಡಿಗೆ ಅಂಟಿಸುವ ವಿನೈಲ್ ಶೀಟ್. ಮಳೆಯಲ್ಲೂ ಆಗುತ್ತದೆ, ಬೇಡವಾದರೆ ಕೀಳಬಹುದು. ಆದರೆ ತರಿತರಿ ಮೇಲ್ಮೈ ಅದರಡಿಯಿಂದ ಕಾಣುತ್ತದೆ, ಅಂಚುಗಳೂ ಸರಿಯಾಗಿ ಹಿಡಿಯುವುದಿಲ್ಲ. ನಿಮ್ಮ ಕ್ಯಾಬಿನೆಟ್‌ಗೆ ನಾನು ಅದನ್ನು ಹೇಳಲಾರೆ.

ಕೊನೆಗೆ ಜುಮ್ ಅನ್ನುವ ವಿಷಯ. ಬಣ್ಣದಿಂದ ಅದು ವಾಸಿಯಾಗುವುದಿಲ್ಲ. ಪವರ್ ಸಪ್ಲೈಯೊಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಅತಿ ಸಣ್ಣ ಕರೆಂಟ್ ಸದಾ ಕ್ಯಾಬಿನೆಟ್‌ಗೆ ಬರುತ್ತಿರುತ್ತದೆ, ಅದು ಅರ್ಥ್ ವೈರಿನಲ್ಲಿ ಇಳಿದುಹೋಗಬೇಕು. ಹಳೆಯ ಮನೆಗಳ ಸಾಕೆಟ್‌ನಲ್ಲಿ ದಪ್ಪ ಪಿನ್ನಿನ ತೂತು ಇರುತ್ತದೆ, ಹಿಂದೆ ಅರ್ಥ್ ವೈರ್ ಇರುವುದಿಲ್ಲ, ಅಥವಾ ಅರ್ಥ್ ಗುಂಡಿ ಕೆಟ್ಟಿರುತ್ತದೆ. ಅಪರೂಪಕ್ಕೆ ನಿಜವಾದ ಸೋರಿಕೆಯೂ ಇರಬಹುದು. ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ ನೋಡಿಸುವವರೆಗೆ ಬರಿಗಾಲಲ್ಲಿ ಕ್ಯಾಬಿನೆಟ್ ಮುಟ್ಟಬೇಡಿ. ನಿಮ್ಮ ಕಡೆಯಿಂದ, ಎಲ್ಲ ಜೋಡಿಸಿದ ಮೇಲೆ ಪ್ಲಗ್ ಗೋಡೆಯಿಂದ ಕಿತ್ತು, ಮಲ್ಟಿಮೀಟರನ್ನು ಓಮ್‌ಗೆ ಹಾಕಿ, ಒಂದು ಕಡ್ಡಿ ಪ್ಲಗ್‌ನ ದಪ್ಪ ಪಿನ್ನಿಗೆ, ಇನ್ನೊಂದು ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹಕ್ಕೆ ತಾಗಿಸಿ. ಒಂದು ಓಮ್‌ಗಿಂತ ಕಡಿಮೆ ತೋರಿಸಬೇಕು. ಹೆಚ್ಚು ತೋರಿಸಿದರೆ ಪವರ್ ಸಪ್ಲೈ ಸ್ಕ್ರೂಗಳ ಕೆಳಗೆ ಬಣ್ಣ ಸೇರಿಕೊಂಡಿರಬಹುದು. ಅಷ್ಟು ಜಾಗವನ್ನು 320ರಲ್ಲಿ ಲೋಹ ಕಾಣುವಂತೆ ಉಜ್ಜಿ, ಸ್ಕ್ರೂ ಬಿಗಿದು ಇನ್ನೊಮ್ಮೆ ಅಳೆದು ನೋಡಿ.